ಸಾಕು ಎನ್ನದ ಬಾಗಿಲು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಕೊಲೆಸ್ಟ್ರಾಲ್ ಬಗ್ಗೆಯೇ ಇವೆ. ಮೊದಲನೆಯದಕ್ಕೆ ಉದ್ದನೆಯ ಉತ್ತರ ಬರೆದಿದ್ದೇನೆ. ಆ ಮನೆಯಲ್ಲಿ ಒಬ್ಬರು ಮಾತ್ರೆ ನಿಲ್ಲಿಸಿ ಕೂತಿದ್ದಾರೆ. ಮುಂದಿನ ಸಂಚಿಕೆಯವರೆಗೆ ಕಾಯುವ ವಿಷಯವಲ್ಲ ಅದು.

ಪ್ರಶ್ನೆ: ಮೇಡಂ, ನಮ್ಮ ಮನೆಯವರಿಗೆ 56 ವರ್ಷ. ಹೋದ ವರ್ಷ ಎದೆನೋವು ಬಂದು ಸ್ಟೆಂಟ್ ಹಾಕಿದರು. ಆಗ ಎಲ್‌ಡಿಎಲ್ 142 ಇತ್ತು. ದಿನಾ ರಾತ್ರಿ ಸ್ಟ್ಯಾಟಿನ್ ಮಾತ್ರೆ ತಗೋತಿದ್ದರು. ಎರಡು ತಿಂಗಳಿಂದ ಬಿಟ್ಟಿದ್ದಾರೆ. ‘ಎಲ್‌ಡಿಎಲ್ ಕೆಟ್ಟದ್ದಲ್ಲ, ಆಕ್ಸಿಡೈಸ್ ಆದ ಎಲ್‌ಡಿಎಲ್ ಮಾತ್ರ ಕೆಟ್ಟದ್ದು, ಅದಕ್ಕೆ ವಿಟಮಿನ್ ಇ ಕ್ಯಾಪ್ಸೂಲ್ ಸಾಕು’ ಅಂತ ಒಂದು ವಿಡಿಯೊ ನೋಡಿದ್ದಾರೆ. ಇದು ನಿಜವಾ? ಅದು ಅಷ್ಟು ಕೆಟ್ಟದ್ದಾದರೆ ಜೀವಕೋಶ ಯಾಕೆ ಒಳಗೆ ಬಿಟ್ಟುಕೊಳ್ಳುತ್ತೆ? ಬಾಗಿಲು ಹಾಕಿಕೊಳ್ಳೋಕೆ ಆಗಲ್ವಾ?
ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ. ಇವತ್ತೇ ನಿಮ್ಮ ಹೃದಯದ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ನಿಲ್ಲಿಸಿರುವ ವಿಷಯ ತಿಳಿಸಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಟ್ಟ ಮಾತ್ರೆಯನ್ನೂ ಬಿಟ್ಟಿದ್ದಾರಾ ಅಂತ ಡಬ್ಬಿ ತೆಗೆದು ನೀವೇ ನೋಡಿ. ಬಿಟ್ಟಿದ್ದರೆ ಅದನ್ನೂ ಹೇಳಿ. ಸ್ಟೆಂಟ್ ಹಾಕಿದ್ದು ಕಟ್ಟಿಕೊಂಡಿದ್ದ ಒಂದು ಜಾಗಕ್ಕೆ ಮಾತ್ರ. ಮಿಕ್ಕ ರಕ್ತನಾಳಗಳು ಮೊದಲು ಹೇಗಿದ್ದವೋ ಹಾಗೇ ಇವೆ.

ಇನ್ನು ಆ ವಿಡಿಯೊ. ಅದರ ಮೊದಲ ಅರ್ಧದಲ್ಲಿ ಸತ್ಯದ ಅಂಶ ಇದೆ. ಜನ ನಂಬುವುದು ಅದರಿಂದಲೇ. ನಾನು ಮೂವತ್ತೊಂದು ವರ್ಷ ಬಯೊಕೆಮಿಸ್ಟ್ರಿ ಪಾಠ ಮಾಡಿದವಳು. ಅದಕ್ಕೂ ಮೊದಲು ಪಿಎಚ್‌ಡಿಗಾಗಿ ಈ ಎಲ್‌ಡಿಎಲ್ ಕಣಗಳನ್ನೇ ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದೇನೆ. ಆದ್ದರಿಂದ ನಿಮ್ಮ ಬಾಗಿಲಿನ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ವಿಜ್ಞಾನಿಗಳೂ ಇದೇ ಪ್ರಶ್ನೆಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿದ್ದರು.

ಎಲ್‌ಡಿಎಲ್ ಅಂದರೆ ರಕ್ತದಲ್ಲಿ ಕೊಬ್ಬನ್ನು ಹೊತ್ತೊಯ್ಯುವ ಪುಟ್ಟ ಉಂಡೆ. ಅಡ್ಡಗಲ ಸುಮಾರು 22 ನ್ಯಾನೊಮೀಟರ್. ಒಂದು ಮಿಲಿಮೀಟರ್ ಉದ್ದಕ್ಕೆ ನಲವತ್ತೈದು ಸಾವಿರ ಉಂಡೆಗಳನ್ನು ಸಾಲಾಗಿ ಇಡಬಹುದು. ಒಳಗೆ ಸುಮಾರು 1,500 ಕೊಲೆಸ್ಟ್ರಾಲ್ ಎಸ್ಟರ್ ಅಣುಗಳು, ಅಂದರೆ ಕೊಬ್ಬಿನಾಮ್ಲ ಜೋಡಿಸಿಕೊಂಡ ಕೊಲೆಸ್ಟ್ರಾಲ್. ಹೊರಗೆ ತೆಳುವಾದ ಕೊಬ್ಬಿನ ಸಿಪ್ಪೆ. ಅದರ ಸುತ್ತ ಮಗುವಿನ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಒಂದೇ ಒಂದು ಉದ್ದನೆಯ ಪ್ರೋಟೀನು. ಅದರ ಹೆಸರು ಎಪೊಬಿ-100.

ಆಕ್ಸಿಡೈಸ್ ಆಗುವುದು ಅಂದರೆ ನಮ್ಮ ಅಡುಗೆಮನೆ ಮಾತಿನಲ್ಲಿ ಕಮಟು ಹಿಡಿಯುವುದು. ನಿಮ್ಮ ಕಡೆ ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮಾಡುತ್ತೀರಲ್ಲ, ಬೇಸಿಗೆಯಲ್ಲಿ ಡಬ್ಬಿ ತೆಗೆದಿಟ್ಟರೆ ಬೇಗ ಕಮಟು ವಾಸನೆ ಬರುತ್ತೆ. ಅಗಸಿಯ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳು ಗಾಳಿಯ ಆಮ್ಲಜನಕ ತಗುಲಿ ತುಂಡಾಗುತ್ತವೆ. ಆ ಚೂಪು ವಾಸನೆ ಆ ತುಂಡುಗಳದ್ದು. ಎಲ್‌ಡಿಎಲ್ ಉಂಡೆಯ ಸಿಪ್ಪೆಯಲ್ಲೂ ಅಂಥದೇ ಕೊಬ್ಬಿನಾಮ್ಲಗಳಿವೆ. ಅವೂ ತುಂಡಾಗುತ್ತವೆ. ಆದರೆ ಹರಿಯುವ ರಕ್ತದಲ್ಲಿ ಇದು ಆಗುವುದು ಕಡಿಮೆ. ಅಲ್ಲಿ ಕಾಪಾಡುವ ಪದಾರ್ಥಗಳು ಬೇಕಾದಷ್ಟಿವೆ. ಉಂಡೆ ರಕ್ತನಾಳದ ಗೋಡೆಯೊಳಗೆ ನುಸುಳಿ, ಅಲ್ಲಿನ ನಾರಿನ ಜಾಲಕ್ಕೆ ಅಂಟಿ ಕೂತಾಗ ಕಮಟು ಹಿಡಿಯುತ್ತೆ. ಈ ಒಂದು ಮಾತು ನೆನಪಿಡಿ, ಮತ್ತೆ ಇದಕ್ಕೇ ಬರುತ್ತೇನೆ.

ಈಗ ಬಾಗಿಲು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ಗ್ರಾಹಕ’ ಅಂತ ಬರೆಯುತ್ತಾರೆ. ಅದನ್ನು ಓದಿದರೆ ಅಂಗಡಿಯ ಗಿರಾಕಿ ಕಣ್ಣಮುಂದೆ ಬರುತ್ತಾನೆ, ಹಾಗಾಗಿ ನಾನು ರಿಸೆಪ್ಟರ್ ಅಂತಲೇ ಬರೆಯುತ್ತೇನೆ. ಜೀವಕೋಶದ ಮೈಮೇಲೆ ಚಾಚಿಕೊಂಡಿರುವ ಪ್ರೋಟೀನು ಅದು. ಸರಿಯಾದ ಕಣ ಬಂದರೆ ಹಿಡಿಯುತ್ತೆ. ಹಿಡಿದ ಜಾಗದಲ್ಲಿ ಕೋಶದ ಪೊರೆ ಗುಳಿ ಬೀಳುತ್ತೆ, ಗುಳಿ ಮುಚ್ಚಿಕೊಂಡು ಚೀಲವಾಗಿ ಒಳಗೆ ಹೋಗುತ್ತೆ.

ಮೊದಲ ಬಾಗಿಲು ಎಲ್‌ಡಿಎಲ್ ರಿಸೆಪ್ಟರ್. ಇದನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಬಾಗಿಲು ಬಹಳ ಶಿಸ್ತಿನದು. ಕಣವನ್ನು ಒಳಗೆ ಬಿಟ್ಟು ಹತ್ತು ನಿಮಿಷದೊಳಗೆ ಮತ್ತೆ ಹೊರಮೈಗೆ ಬಂದು ನಿಲ್ಲುತ್ತೆ. ಕೋಶದಲ್ಲಿ ಕೊಲೆಸ್ಟ್ರಾಲ್ ಸಾಕಷ್ಟಾದರೆ ಹೊಸ ರಿಸೆಪ್ಟರ್ ಮಾಡುವುದನ್ನೇ ಕೋಶ ಕಡಿಮೆ ಮಾಡುತ್ತೆ. ನೀವು ಕೇಳಿದ ‘ಬಾಗಿಲು ಹಾಕಿಕೊಳ್ಳೋದು’ ಇದೇ. ಅಂದರೆ ಕೋಶಕ್ಕೆ ಅದು ಗೊತ್ತು.

ಹಾಗಾದರೆ ತೊಂದರೆ ಎಲ್ಲಿ? ಹುಟ್ಟಿನಿಂದಲೇ ಈ ರಿಸೆಪ್ಟರ್ ಕೆಲಸ ಮಾಡದ ಮಕ್ಕಳಿದ್ದಾರೆ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದವರು. ರಕ್ತದ ಎಲ್‌ಡಿಎಲ್ 600 ದಾಟುವುದುಂಟು. ಕೆಲವರಿಗೆ ಹತ್ತು ವರ್ಷ ತುಂಬುವ ಮೊದಲೇ ಹೃದಯಾಘಾತ. ಮೊದಲ ಬಾಗಿಲೇ ಇಲ್ಲದ ಈ ಮಕ್ಕಳ ರಕ್ತನಾಳದ ಗೋಡೆಯಲ್ಲೂ ಕೊಲೆಸ್ಟ್ರಾಲ್ ತುಂಬಿ ಊದಿದ ಕೋಶಗಳಿದ್ದವು. ಬಾಗಿಲಿಲ್ಲದ ಮನೆಗೆ ಸಾಮಾನು ಹೇಗೆ ಹೋಯಿತು? ಅಂದರೆ ಇನ್ನೊಂದು ಬಾಗಿಲು ಇರಲೇಬೇಕು.

1979ರಲ್ಲಿ ಡಲ್ಲಾಸ್ ತಂಡ ಅದನ್ನು ತೋರಿಸಿತು. ತಂಡದ ನಾಲ್ವರಲ್ಲಿ ಒಬ್ಬರು ಸಂದೀಪ್ ಕುಮಾರ್ ಬಸು. ಮುಂದೆ ದಿಲ್ಲಿಯ ರಾಷ್ಟ್ರೀಯ ರೋಗನಿರೋಧಕ ಸಂಸ್ಥೆಯ ನಿರ್ದೇಶಕರಾದರು. ಆ ತಂಡದವರು ಮ್ಯಾಕ್ರೊಫೇಜ್ ಎಂಬ ಕೋಶಗಳನ್ನು ತೆಗೆದುಕೊಂಡರು. ಮೈಯಲ್ಲಿ ಕಸ, ಸತ್ತ ಕೋಶ, ಬ್ಯಾಕ್ಟೀರಿಯಾ ನುಂಗುವ ಕೋಶಗಳು ಇವು. ಮಾಮೂಲಿ ಎಲ್‌ಡಿಎಲ್ ಹಾಕಿದರೆ ಅವು ಹೆಚ್ಚೇನೂ ನುಂಗಲಿಲ್ಲ. ಎಲ್‌ಡಿಎಲ್‌ಗೆ ಅಸಿಟೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ತುಂಡು ಜೋಡಿಸಿ ಹಾಕಿದಾಗ ಗಬಗಬ ನುಂಗಿದವು. ಆದರೆ ಅದು ಲ್ಯಾಬಿನಲ್ಲಿ ಮಾಡಿದ ಬದಲಾವಣೆ. ಮೈಯೊಳಗೆ ಯಾವ ಬದಲಾವಣೆ ಆಗುತ್ತೆ ಎನ್ನುವುದನ್ನು ಕ್ಯಾಲಿಫೋರ್ನಿಯಾದ ಡೇನಿಯಲ್ ಸ್ಟೈನ್‌ಬರ್ಗ್ ತಂಡ 1981ರಿಂದ 84ರೊಳಗೆ ಬಿಡಿಸಿತು. ರಕ್ತನಾಳದ ಒಳಪದರದ ಕೋಶಗಳ ಜೊತೆ ಎಲ್‌ಡಿಎಲ್ ಇಟ್ಟರೆ ಅದು ತಾನಾಗಿಯೇ ಬದಲಾಗುತ್ತಿತ್ತು. ಆ ಬದಲಾವಣೆಯೇ ಆಕ್ಸಿಡೇಷನ್.

ಒಂದು ಬಾಗಿಲಿಗೆ ಬೇಡವಾದದ್ದು ಇನ್ನೊಂದಕ್ಕೆ ಬೇಕಾಗುವುದು ಹೇಗೆ? ಇದು ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ವಿಷಯ. ಎಪೊಬಿ ಉಡಿದಾರದಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲಗಳಿವೆ. ಅವುಗಳ ಮೇಲೆ ಪಾಸಿಟಿವ್ ಚಾರ್ಜ್. ಎಲ್‌ಡಿಎಲ್ ರಿಸೆಪ್ಟರ್ ಹಿಡಿಯುವುದು ಆ ಪಾಸಿಟಿವ್ ಜಾಗವನ್ನೇ. ಕೊಬ್ಬಿನಾಮ್ಲ ತುಂಡಾದಾಗ ಹುಟ್ಟುವ ಆಲ್ಡಿಹೈಡ್‌ಗಳು ಹೋಗಿ ಈ ಲೈಸೀನ್‌ಗೆ ಅಂಟುತ್ತವೆ. ಪಾಸಿಟಿವ್ ಚಾರ್ಜ್ ಮುಚ್ಚಿಹೋಗುತ್ತೆ. ಇಡೀ ಕಣ ಮೊದಲಿಗಿಂತ ನೆಗೆಟಿವ್ ಆಗುತ್ತೆ. ಮೊದಲ ಬಾಗಿಲಿನ ಬೀಗಕ್ಕೆ ಆ ಕೀ ಕೂರುವುದಿಲ್ಲ. ಕಸ ಎತ್ತುವ ಬಾಗಿಲಲ್ಲಿ ಇದರ ತಿರುಗು ಮುರುಗು. ಅದರ ಹಿಡಿಯುವ ತೋಡಿನಲ್ಲೇ ಪಾಸಿಟಿವ್ ಚಾರ್ಜ್ ಇದೆ. ನೆಗೆಟಿವ್ ಆದ ಕಣ ಅಲ್ಲಿ ಸರಿಯಾಗಿ ಕೂರುತ್ತೆ. ಇಂಗ್ಲಿಷಿನಲ್ಲಿ ಇವಕ್ಕೆ ಸ್ಕ್ಯಾವೆಂಜರ್ ರಿಸೆಪ್ಟರ್ ಅಂತ ಹೆಸರು.

ಈ ಚಾರ್ಜ್ ಬದಲಾಗುವುದನ್ನು ನಾನು ಕಣ್ಣಾರೆ ನೋಡಿದ್ದು ಒಂದು ತಪ್ಪಿನಿಂದ. ಪ್ಲಾಸ್ಮಾವನ್ನು ರಾತ್ರಿಯಿಡೀ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಎಲ್‌ಡಿಎಲ್ ಒಂದು ಪಟ್ಟಿಯಾಗಿ ಬೇರೆ ನಿಲ್ಲುತ್ತೆ. ಕಿತ್ತಳೆ ಮಿಶ್ರಿತ ಹಳದಿ ಬಣ್ಣ. ಕ್ಯಾರಟ್‌ಗೆ ಬಣ್ಣ ಕೊಡುವ ಕ್ಯಾರೊಟೀನೇ ಅದರಲ್ಲೂ ಇರುತ್ತೆ. ಆ ಪಟ್ಟಿಯನ್ನು ಸಿರಿಂಜಿನಲ್ಲಿ ಎಳೆದು, ಡಯಾಲಿಸಿಸ್ ಚೀಲಕ್ಕೆ ತುಂಬಿ, ಶೀತಲ ಕೋಣೆಯಲ್ಲಿ ಬಫರ್ ಎಂಬ ಲವಣದ ದ್ರಾವಣದಲ್ಲಿ ನೆನೆಹಾಕಬೇಕು. ಬಫರ್‌ಗೆ ಇಡಿಟಿಎ ಹಾಕಲೇಬೇಕು. ನೀರಿನಲ್ಲಿರುವ ತಾಮ್ರ, ಕಬ್ಬಿಣದ ಚೂರನ್ನು ಅದು ಹಿಡಿದಿಟ್ಟುಕೊಳ್ಳುತ್ತೆ, ಇಲ್ಲದಿದ್ದರೆ ಅವು ಎಲ್‌ಡಿಎಲ್ ಕಮಟು ಹಿಡಿಯುವಂತೆ ಮಾಡುತ್ತವೆ. ಒಂದು ಶುಕ್ರವಾರ ಊರಿಗೆ ಹೋಗುವ ಅವಸರದಲ್ಲಿ ಇಡಿಟಿಎ ಮರೆತೆ. ಸೋಮವಾರ ಬಂದು ನೋಡಿದರೆ ಚೀಲದ ಬಣ್ಣ ಪೇಲವ. ಮೂರು ದಿನದ ಕೆಲಸ ಹೋಯಿತಲ್ಲ ಅಂತ ಅಳು ಬಂತು. ಚೆಲ್ಲಲು ಹೊರಟವಳನ್ನು ನಮ್ಮ ಗೈಡ್ ತಡೆದರು. “ಚೆಲ್ಲಬೇಡಮ್ಮ, ಜೆಲ್ ಮೇಲೆ ಓಡಿಸಿ ನೋಡು” ಅಂದರು.

ಪಕ್ಕಪಕ್ಕದಲ್ಲಿ ಒಳ್ಳೆಯ ಎಲ್‌ಡಿಎಲ್, ಕೆಟ್ಟ ಎಲ್‌ಡಿಎಲ್ ಹಾಕಿ ಕರೆಂಟ್ ಕೊಟ್ಟೆ. ಕೆಟ್ಟದ್ದು ಪಾಸಿಟಿವ್ ತುದಿಯ ಕಡೆಗೆ ಒಂದು ಬೆರಳಗಲ ಮುಂದೆ ಓಡಿತ್ತು. ಆಮೇಲೆ ಎರಡನ್ನೂ ಇಲಿಯ ಮ್ಯಾಕ್ರೊಫೇಜ್‌ಗಳ ಮೇಲೆ ಹಾಕಿ ಎರಡು ದಿನ ಬಿಟ್ಟೆ. ಕೊಬ್ಬಿಗೆ ಕೆಂಪು ಹತ್ತಿಸುವ ಆಯಿಲ್ ರೆಡ್ ಓ ಬಣ್ಣ ಹಾಕಿ ಮೈಕ್ರೊಸ್ಕೋಪಿನಲ್ಲಿ ನೋಡಿದೆ. ಒಳ್ಳೆಯ ಎಲ್‌ಡಿಎಲ್ ಹಾಕಿದ ಕೋಶಗಳಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ. ಇನ್ನೊಂದು ತಟ್ಟೆಯಲ್ಲಿ ದಾಳಿಂಬೆ ಹೋಳು ಮಾಡಿಟ್ಟ ಹಾಗೆ ಕೋಶದ ತುಂಬಾ ಕೆಂಪು ಹನಿಗಳು, ಒತ್ತೊತ್ತಾಗಿ. ನ್ಯೂಕ್ಲಿಯಸ್ಸು ಒಂದು ಮೂಲೆಗೆ ಸರಿದಿತ್ತು. ಬಣ್ಣ ಹಾಕದೆ ನೋಡಿದರೆ ಸೋಪಿನ ನೊರೆಯ ಹಾಗೆ ಕಾಣುತ್ತವೆ. ಅದಕ್ಕೇ ಇವನ್ನು ನೊರೆ ಕೋಶ ಅನ್ನುತ್ತಾರೆ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ರಕ್ತನಾಳದಲ್ಲಿ ಕಂಡದ್ದೂ ಇಂಥ ಕೋಶಗಳನ್ನೇ.

ಈಗ ನಿಮ್ಮ ನಿಜವಾದ ಪ್ರಶ್ನೆ. ಈ ಎರಡನೇ ಬಾಗಿಲು ಯಾಕೆ ಹಾಕಿಕೊಳ್ಳುವುದಿಲ್ಲ? ಇದು ಆಹಾರ ತರುವ ಬಾಗಿಲಲ್ಲ, ಕಸ ಎತ್ತುವ ಬಾಗಿಲು. ಸಾಯುತ್ತಿರುವ ಕೋಶಗಳ ಮೈಮೇಲೂ ಇದೇ ಥರ ಕಮಟು ಹಿಡಿದ ಕೊಬ್ಬು ಕಾಣಿಸಿಕೊಳ್ಳುತ್ತೆ. ಕೆಲವು ಬ್ಯಾಕ್ಟೀರಿಯಾಗಳ ಹೊರಮೈಯೂ ಇದಕ್ಕೆ ಸಿಗುತ್ತೆ. ಅದನ್ನೆಲ್ಲ ಎತ್ತಿಹಾಕುವುದು ಮ್ಯಾಕ್ರೊಫೇಜ್‌ನ ಕೆಲಸ. ಊರಲ್ಲಿ ಕಸ ಜಾಸ್ತಿಯಾಯಿತು ಅಂತ ಕಸದ ಗಾಡಿ ಬರುವುದನ್ನು ನಿಲ್ಲಿಸಿದರೆ ಏನಾದೀತು? ಹಾಗಾಗಿ ಒಳಗೆ ಎಷ್ಟೇ ಕೊಲೆಸ್ಟ್ರಾಲ್ ತುಂಬಿದರೂ ಈ ಬಾಗಿಲಿಗೆ ‘ಸಾಕು’ ಎನ್ನುವ ಸೂಚನೆ ಹೋಗುವುದಿಲ್ಲ. ಇದಕ್ಕಿಂತ ಹೆಚ್ಚಿನದು ಇದೆ. ಒಳಗೆ ಹೋದ ಕಮಟು ಕೊಬ್ಬಿನ ಕೆಲವು ತುಂಡುಗಳು ಸಿಡಿ36 ಎಂಬ ಇನ್ನೊಂದು ಕಸದ ಬಾಗಿಲನ್ನು ಇನ್ನಷ್ಟು ಮಾಡುವಂತೆ ಕೋಶಕ್ಕೆ ಹೇಳುತ್ತವೆ. ಇದು 1998ರಲ್ಲಿ ಗೊತ್ತಾಯಿತು. ತಿಂದಷ್ಟೂ ಬಾಗಿಲು ಹೆಚ್ಚು.

ತಿಂದದ್ದನ್ನು ಜೀರ್ಣಿಸಿಕೊಂಡರೆ ಸರಿಹೋಗುತ್ತಿತ್ತು. ಆದರೆ ಕೊಲೆಸ್ಟ್ರಾಲ್ ಅಣುವನ್ನು ಒಡೆದು ಮುಗಿಸಲು ಮ್ಯಾಕ್ರೊಫೇಜ್‌ಗೆ ಬರುವುದಿಲ್ಲ. ಅದನ್ನು ಪಿತ್ತರಸಕ್ಕೆ ತಿರುಗಿಸುವುದು ಯಕೃತ್ತಿನ ಕೆಲಸ. ಮ್ಯಾಕ್ರೊಫೇಜ್ ಅದನ್ನು ಹನಿಗಳಾಗಿ ಕಟ್ಟಿಡುತ್ತೆ, ಸ್ವಲ್ಪ ಸ್ವಲ್ಪವಾಗಿ ಎಚ್‌ಡಿಎಲ್ ಎಂಬ ಇನ್ನೊಂದು ಥರದ ಉಂಡೆಯ ಕೈಗೆ ಕೊಡುತ್ತೆ, ಅದು ಯಕೃತ್ತಿಗೆ ಒಯ್ಯುತ್ತೆ. ಬರುವುದು ಹೋಗುವುದಕ್ಕಿಂತ ಜಾಸ್ತಿಯಾದರೆ ಕೊನೆಗೆ ಅಲ್ಲೇ ಸಾಯುತ್ತೆ. ಒಳಗಿದ್ದ ಕೊಬ್ಬೆಲ್ಲ ಗೋಡೆಯಲ್ಲಿ ಚೆಲ್ಲುತ್ತೆ. ನಿಮ್ಮ ಮನೆಯವರ ರಕ್ತನಾಳದಲ್ಲಿ ಕಟ್ಟಿಕೊಂಡಿದ್ದ ಪ್ಲೇಕ್‌ನ ಮೆತ್ತನೆಯ ತಿರುಳು ಹೀಗೆ ಆದದ್ದು. ಮ್ಯಾಕ್ರೊಫೇಜ್ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಕೆಲಸ ಮಾಡುತ್ತಲೇ ಸತ್ತ ಕೋಶ.

ಹಾಗಾದರೆ ವಿಟಮಿನ್ ಇ ಕೊಟ್ಟು ಕಮಟು ಹಿಡಿಯದಂತೆ ತಡೆಯಬಹುದಲ್ವಾ? ಯೋಚನೆ ಚೆನ್ನಾಗಿಯೇ ಇತ್ತು. ಆ ಕಾಲದಲ್ಲಿ ನಾವೆಲ್ಲ ನಂಬಿದ್ದೆವು. ಬ್ರಿಟನ್ನಿನಲ್ಲಿ 20,536 ಜನರ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಹೃದ್ರೋಗ, ಸಕ್ಕರೆ ಕಾಯಿಲೆ ಇದ್ದವರು ಇವರು. ದಿನಕ್ಕೆ 600 ಮಿಲಿಗ್ರಾಂ ವಿಟಮಿನ್ ಇ, ಜೊತೆಗೆ ವಿಟಮಿನ್ ಸಿ, ಬೀಟಾ ಕ್ಯಾರೊಟೀನ್. ಸುಮಾರು ಐದು ವರ್ಷ ಕೊಟ್ಟರು. ಫಲಿತಾಂಶ 2002ರಲ್ಲಿ ಬಂತು. ಹೃದಯಾಘಾತ ಕಡಿಮೆಯಾಗಲಿಲ್ಲ, ಸಾವೂ ಕಡಿಮೆಯಾಗಲಿಲ್ಲ. ಅದೇ ಪ್ರಯೋಗದಲ್ಲಿ, ಅದೇ ಜನರಲ್ಲಿ, ಅರ್ಧ ಮಂದಿಗೆ ಸಿಂವಾಸ್ಟ್ಯಾಟಿನ್ 40 ಮಿಲಿಗ್ರಾಂ ಕೊಟ್ಟಿದ್ದರು. ಅವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಸುಮಾರು ಕಾಲು ಭಾಗ ಇಳಿಯಿತು. ನಿಮ್ಮ ಮನೆಯವರಿಗೆ ಇದೊಂದನ್ನು ಓದಿ ಹೇಳಿ. ಅವರು ಬಿಟ್ಟ ಮಾತ್ರೆ, ಹಿಡಿದ ಕ್ಯಾಪ್ಸೂಲ್, ಎರಡನ್ನೂ ಒಂದೇ ಕಡೆ ಪರೀಕ್ಷಿಸಿ ನೋಡಿದ್ದಾರೆ.

ಸ್ಟ್ಯಾಟಿನ್ ಕೆಲಸ ಮಾಡುವುದು ನಾನು ಹೇಳಿದ ಮೊದಲ ಬಾಗಿಲಿನ ಮೂಲಕ. ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ಅದು ತಗ್ಗಿಸುತ್ತೆ. ಕೊರತೆ ಕಂಡ ಯಕೃತ್ತು ಎಲ್‌ಡಿಎಲ್ ರಿಸೆಪ್ಟರ್‌ಗಳನ್ನು ಹೆಚ್ಚಿಸಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತೆ. ರಕ್ತದಲ್ಲಿ ಉಂಡೆ ಕಡಿಮೆಯಾದರೆ ಗೋಡೆಗೆ ನುಸುಳುವುದೂ ಕಡಿಮೆ. ಗೋಡೆಯಲ್ಲಿ ಸಿಕ್ಕಿಕೊಳ್ಳದ ಉಂಡೆ ಅಲ್ಲಿ ಕಮಟು ಹಿಡಿಯುವ ಮಾತೇ ಇಲ್ಲ. ಆ ವಿಡಿಯೊದವರು ಬಿಟ್ಟ ಭಾಗ ಇದು. ಕಮಟು ಹಿಡಿದ ಎಲ್‌ಡಿಎಲ್ ಮೊದಲು ಮಾಮೂಲಿ ಎಲ್‌ಡಿಎಲ್ಲೇ ಆಗಿತ್ತಲ್ಲ. ಸ್ಟೆಂಟ್ ಹಾಕಿಸಿಕೊಂಡವರಿಗೆ ಎಲ್‌ಡಿಎಲ್ 70ಕ್ಕಿಂತ ಕೆಳಗಿರಲಿ ಅನ್ನುತ್ತಾರೆ. 55ಕ್ಕಿಂತ ಕೆಳಗೆ ಅನ್ನುವ ಮಾರ್ಗಸೂಚಿಗಳೂ ಇವೆ. ಮಾತ್ರೆಯಿಂದ ಮೈಕೈ ನೋವು ಬಂದು ಬಿಟ್ಟಿದ್ದರೆ ಡಾಕ್ಟರಿಗೆ ಹೇಳಿ. ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ಬೀಡಿ ಸಿಗರೇಟು ಇದ್ದರೆ ಅದನ್ನೂ ಬಿಡಿಸಿ.

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷದ ವಿದ್ಯಾರ್ಥಿನಿ. ಸ್ಕ್ಯಾವೆಂಜರ್ ರಿಸೆಪ್ಟರ್‌ಗಳನ್ನೇ ತಡೆಯುವ ಔಷಧಿ ಮಾಡಿದರೆ ನೊರೆ ಕೋಶ ಆಗುವುದೇ ಇಲ್ಲ ಅಲ್ವಾ ಮೇಡಂ?
ಓದುಗರು, ತುಮಕೂರು

ಉತ್ತರ: ಒಂದೇ ಬಾಗಿಲಾಗಿದ್ದರೆ ಹಾಗೆ ಮಾಡಬಹುದಿತ್ತು. 1990ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮಾಂಟಿ ಕ್ರೀಗರ್, ತತ್ಸುಹಿಕೊ ಕೊಡಾಮಾ ಮತ್ತು ಜೊತೆಗಾರರು ದನದ ಶ್ವಾಸಕೋಶದಿಂದ ಮೊದಲ ಸ್ಕ್ಯಾವೆಂಜರ್ ರಿಸೆಪ್ಟರ್‌ನ ಜೀನ್ ಹೊರತೆಗೆದರು. ಅದೇ ಎಸ್‌ಆರ್-ಎ. ಆಮೇಲೆ ಸಿಡಿ36 ಸೇರಿತು. 1997ರಲ್ಲಿ ಜಪಾನಿನ ತತ್ಸುಯ ಸವಮುರ ತಂಡ ರಕ್ತನಾಳದ ಒಳಪದರದ ಕೋಶಗಳ ಮೇಲೆ ಲಾಕ್ಸ್-1 ಕಂಡುಹಿಡಿಯಿತು. ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ.

ಒಂದೊಂದೂ ಹಿಡಿಯುವ ರೀತಿ ಬೇರೆ. ಎಸ್‌ಆರ್-ಎ ನೋಡುವುದು ಮೇಲೆ ಹೇಳಿದ ಚಾರ್ಜ್. ಸಿಡಿ36 ಹಿಡಿಯುವುದು ಮುಖ್ಯವಾಗಿ ಕೆಟ್ಟ ಫಾಸ್ಫೊಲಿಪಿಡ್‌ನ, ಅಂದರೆ ಸಿಪ್ಪೆಯ ಕೊಬ್ಬಿನ, ಬಾಲವನ್ನು. ಒಳ್ಳೆಯ ಸಿಪ್ಪೆಯಲ್ಲಿ ಆ ಬಾಲ ಒಳಗೆ ಹುದುಗಿರುತ್ತೆ. ಆಕ್ಸಿಡೈಸ್ ಆದಮೇಲೆ ಅದಕ್ಕೆ ನೀರಿನ ಕಡೆ ಒಲವು ಬಂದು ಮೀಸೆಯ ಹಾಗೆ ಹೊರಗೆ ಚಾಚುತ್ತೆ. ಸಿಡಿ36ಗೆ ಆ ಮೀಸೆ ಸಿಕ್ಕಿದರೆ ಸಾಕು. ಲಾಕ್ಸ್-1 ಹಿಡಿದರೆ ರಕ್ತನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಕೋಶದಲ್ಲಿ ಕಡಿಮೆಯಾಗಿ, ರಕ್ತದಿಂದ ಇನ್ನಷ್ಟು ಬಿಳಿ ರಕ್ತಕಣಗಳು ಬಂದು ಅಂಟಿಕೊಳ್ಳುತ್ತವೆ.

ಇಲಿಗಳಲ್ಲಿ ಈ ಜೀನ್‌ಗಳನ್ನು ತೆಗೆದು ನೋಡಿದ್ದಾರೆ. 2000ರಲ್ಲಿ ಸಿಡಿ36 ಇಲ್ಲದ ಇಲಿಗಳಲ್ಲಿ ಪ್ಲೇಕ್ ಬಹಳ ಕಡಿಮೆ ಅಂತ ವರದಿ ಬಂತು. 2005ರಲ್ಲಿ ಇನ್ನೊಂದು ತಂಡ ನೋಡಿದಾಗ ಸಿಡಿ36 ಇಲ್ಲದಿದ್ದರೂ, ಎಸ್‌ಆರ್-ಎ ಇಲ್ಲದಿದ್ದರೂ ನೊರೆ ಕೋಶಗಳು ಆಗಿಯೇ ಇದ್ದವು. ಮುದ್ದೆಗಟ್ಟಿದ ಎಲ್‌ಡಿಎಲ್‌ನಂಥವನ್ನು ಮ್ಯಾಕ್ರೊಫೇಜ್ ಬೇರೆ ದಾರಿಯಲ್ಲೂ ನುಂಗುತ್ತೆ. ಪರೀಕ್ಷೆಯಲ್ಲಿ ‘ನೊರೆ ಕೋಶಕ್ಕೆ ಕಾರಣ ಸ್ಕ್ಯಾವೆಂಜರ್ ರಿಸೆಪ್ಟರ್’ ಅಂತ ಒಂದೇ ಸಾಲು ಬರೆದರೆ ಮಾರ್ಕ್ಸ್ ಬರುತ್ತೆ. ಆದರೆ ನೀವು ಅಲ್ಲಿಗೇ ನಿಲ್ಲಬಾರದು ಅಂತ ನನ್ನ ಆಸೆ.

ಇನ್ನೊಂದು ಮಾತು. ಈ ಬಾಗಿಲುಗಳಿಗೆ ಬೇರೆ ಕೆಲಸವೂ ಇದೆ. ಸಿಡಿ36 ಸ್ನಾಯುಗಳಿಗೆ ಕೊಬ್ಬಿನಾಮ್ಲ ತಲುಪಿಸುತ್ತೆ. ನಾಲಿಗೆಯ ರುಚಿಮೊಗ್ಗುಗಳಲ್ಲೂ ಇದೆ. ಇದೇ ಬಳಗದ ಎಸ್‌ಆರ್-ಬಿ1 ಯಕೃತ್ತಿನಲ್ಲಿ ಎಚ್‌ಡಿಎಲ್‌ನಿಂದ ಕೊಲೆಸ್ಟ್ರಾಲ್ ಇಳಿಸಿಕೊಳ್ಳುತ್ತೆ, ಅಂದರೆ ನಮಗೆ ಒಳ್ಳೆಯದನ್ನೇ ಮಾಡುತ್ತೆ. ಎಲ್ಲಕ್ಕೂ ಒಟ್ಟಿಗೆ ಬೀಗ ಹಾಕುವ ಹಾಗಿಲ್ಲ.

ಪ್ರಶ್ನೆ: ತುಪ್ಪ ಕಾಯಿಸುವಾಗಲೇ ಕೊಲೆಸ್ಟ್ರಾಲ್ ಆಕ್ಸಿಡೈಸ್ ಆಗುತ್ತದಂತೆ. ಹಾಗಾದರೆ ತುಪ್ಪವೇ ಈ ಕೆಟ್ಟ ಎಲ್‌ಡಿಎಲ್ ಮಾಡುತ್ತದಾ? ಕರಿದ ಎಣ್ಣೆ?
ಓದುಗರು, ಪುತ್ತೂರು

ಉತ್ತರ: 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಭಾರತದ ತುಪ್ಪದ ಬಗ್ಗೆ ಹೀಗೊಂದು ಲೇಖನ ಬಂದಿತ್ತು. ತುಪ್ಪದಲ್ಲಿ ಆಕ್ಸಿಡೈಸ್ ಆದ ಕೊಲೆಸ್ಟ್ರಾಲ್ ಕಂಡಿತು, ತಾಜಾ ಬೆಣ್ಣೆಯಲ್ಲಿ ಕಾಣಲಿಲ್ಲ ಅಂತ. ಈ ಮಾತು ಅಂದಿನಿಂದ ಓಡಾಡುತ್ತಿದೆ. ಆದರೆ ಎರಡು ಸಂಗತಿ ಬೆರೆಸಬೇಡಿ. ನೀವು ತಿಂದ ತುಪ್ಪದ ಕೊಲೆಸ್ಟ್ರಾಲ್ ಹಾಗೇ ಹೋಗಿ ರಕ್ತನಾಳದಲ್ಲಿ ಆಕ್ಸಿಡೈಸ್ ಆದ ಎಲ್‌ಡಿಎಲ್ ಆಗಿ ಕೂರುವುದಿಲ್ಲ. ಎಲ್‌ಡಿಎಲ್ ಹೆಚ್ಚಾಗಿ ಕಮಟು ಹಿಡಿಯುವುದು ಗೋಡೆಯ ಒಳಗೇ. ತುಪ್ಪದ ವಿಷಯದಲ್ಲಿ ನೋಡಬೇಕಾದದ್ದು ಅದರ ಸ್ಯಾಚುರೇಟೆಡ್ ಕೊಬ್ಬು. ಅದು ಎಲ್‌ಡಿಎಲ್ ಏರಿಸುತ್ತೆ. ಬಿಸಿ ಅನ್ನಕ್ಕೆ ಒಂದು ಚಮಚ ಬೇರೆ, ಹೋಳಿಗೆ ಮುಳುಗುವಷ್ಟು ಸುರಿಯುವುದು ಬೇರೆ.

ಕರಿದ ಎಣ್ಣೆ ಬಗ್ಗೆ ನಾನು ಕಟ್ಟುನಿಟ್ಟು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಒಡೆದ ಪದಾರ್ಥಗಳು ಸೇರುತ್ತಾ ಹೋಗುತ್ತವೆ. ಅವುಗಳ ಒಟ್ಟು ಅಳತೆ ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸಬಾರದು ಅಂತ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ 2018ರಿಂದ ಇದೆ. ಮನೆಯಲ್ಲಿ ಅಳೆಯಲಾಗದು. ಎಣ್ಣೆ ಕಪ್ಪಾಗಿ, ದಪ್ಪಗಾಗಿ, ಕಾಯಿಸಿದಾಗ ಮೇಲೆ ನೊರೆ ನಿಂತರೆ ಮುಗಿಯಿತು, ಚೆಲ್ಲಿ. ಹಬ್ಬಕ್ಕೆ ಚಕ್ಕುಲಿ ಕರಿದ ಎಣ್ಣೆಯನ್ನು ಸೋಸಿ ತಿಂಗಳುಗಟ್ಟಲೆ ಒಗ್ಗರಣೆಗೆ ಹಾಕುವ ಅಭ್ಯಾಸ ನಮ್ಮಮ್ಮನಿಗೂ ಇತ್ತು. ನಾನು ಬಿಡಿಸಿದೆ.

ಪ್ರಶ್ನೆ: ಲ್ಯಾಬಿನವರು ‘ಆಕ್ಸಿಡೈಸ್ಡ್ ಎಲ್‌ಡಿಎಲ್’ ಪರೀಕ್ಷೆಯ ಪ್ಯಾಕೇಜ್ ಇದೆ ಅನ್ನುತ್ತಾರೆ. ಮಾಡಿಸಲಾ?
ಓದುಗರು, ಬೆಂಗಳೂರು

ಉತ್ತರ: ಬೇಡ. ಇದನ್ನು ಪ್ರತಿಕಾಯಗಳಿಂದ, ಅಂದರೆ ಒಂದು ನಿರ್ದಿಷ್ಟ ಆಕಾರಕ್ಕೆ ಮಾತ್ರ ಅಂಟುವ ಪ್ರೋಟೀನುಗಳಿಂದ, ಅಳೆಯುತ್ತಾರೆ. ಒಂದು ಕಿಟ್ ನೋಡುವುದು ಒಂದು ಥರದ ಬದಲಾವಣೆ, ಇನ್ನೊಂದು ನೋಡುವುದು ಇನ್ನೊಂದು ಥರ. ಇಷ್ಟು ಬಂದರೆ ಇಂಥ ಮಾತ್ರೆ ಅಂತ ಡಾಕ್ಟರು ಅದರಿಂದ ನಿರ್ಧರಿಸುವ ಹಾಗಿಲ್ಲ. ನಿಜವಾದ ತೊಂದರೆ ಗೋಡೆಯಲ್ಲಿ, ಪರೀಕ್ಷೆ ರಕ್ತದಲ್ಲಿ. ಹೆಚ್ಚಿನದೊಂದು ಪರೀಕ್ಷೆಗೆ ದುಡ್ಡು ಹಾಕಬೇಕು ಅನಿಸಿದರೆ ಎಪೊಬಿ ಮಾಡಿಸಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಒಂದು ಉಂಡೆಗೆ ಒಂದೇ ಉಡಿದಾರ ಅಂತ ಮೇಲೆ ಬರೆದೆನಲ್ಲ. ಉಡಿದಾರ ಎಣಿಸಿದರೆ ಗೋಡೆಗೆ ನುಸುಳಬಲ್ಲ ಉಂಡೆಗಳು ಎಷ್ಟಿವೆ ಅಂತ ಲೆಕ್ಕ ಸಿಗುತ್ತೆ.